ಟ್ರಾಂಬೋನ್‌ನಲ್ಲಿ ಜೋಡಿಸುವುದು ಬೇರೆ, ಜಾರಿಸುವುದು ಬೇರೆ: ಸ್ಲರ್, ಮೀಂಡ್, ಕಣ್, ಮುರ್ಕಿ ಕಲಿಯುವ ಬಗೆ

ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಹುಬ್ಬಳ್ಳಿಯ ಬ್ಯಾಂಡ್ ಕಂಪನಿಗಳಲ್ಲಿ ಊದುವ ಹುಡುಗರು ಕೇಳುತ್ತಾರೆ. ಗದಗ, ಹಾವೇರಿ ಕಡೆಯಿಂದ ಫೋನ್ ಮಾಡುವವರೂ ಇದನ್ನೇ ಕೇಳುತ್ತಾರೆ. "ಸರ್, ಕ್ಲಾರ್ನೆಟ್‌ನವ್ರು ಸ್ವರಾ ಕೂಡಿಸಿ ಎಷ್ಟ್ ಛಂದ ಊದ್ತಾರ. ನಾ ಹಂಗ ಊದಾಕ ಹೋದ್ರ ಎಲ್ಲಾ ಜಾರತೈತ್ರೀ. ನಾಲಿಗಿ ಹಚ್ಚಿದ್ರ ತುಂಡ್ ತುಂಡ್ ಆಗತೈತಿ. ಏನ್ ಮಾಡ್ಲಿ?"

ಕ್ಲಾರ್ನೆಟ್‌ನಲ್ಲಿ ಬೆರಳು ತೂತು ಮುಚ್ಚುತ್ತದೆ. ಟ್ರಂಪೆಟ್‌ನಲ್ಲಿ ವಾಲ್ವ್ ಒತ್ತುತ್ತೀರಿ. ಹಾಗಾಗಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ತಾನಾಗಿಯೇ ಒಂದು ಗೋಡೆ ಇರುತ್ತದೆ. ಗಾಳಿ ನಿಲ್ಲಿಸದೆ ಊದಿದರೆ ಸಾಕು, ಸ್ವರಗಳು ಕೂಡಿಕೊಂಡೇ ಬರುತ್ತವೆ, ಆದರೆ ಒಂದರೊಳಗೊಂದು ಕಲಸಿಹೋಗುವುದಿಲ್ಲ. ಟ್ರಾಂಬೋನ್‌ಗೆ ಆ ಗೋಡೆ ಇಲ್ಲ. ಸ್ಲೈಡ್, ಅಂದರೆ ಒಳಗೆ ಹೊರಗೆ ಜಾರುವ ಉದ್ದ ಕೊಳವೆಯನ್ನು ಎಳೆಯುವಾಗ ನಡುವಿನ ಅಷ್ಟೂ ನಾದ ಕೇಳಿಸುತ್ತದೆ. ಇದು ದೋಷ ಅಲ್ಲ. ಬ್ಯಾಂಡಿನ ಹಿತ್ತಾಳೆ ವಾದ್ಯಗಳಲ್ಲಿ ನಮ್ಮ ಗಾಯಕರ ಮೀಂಡನ್ನು ಪೂರ್ತಿಯಾಗಿ ನುಡಿಸಬಲ್ಲದ್ದು ಇದೊಂದೇ. ಆದರೆ ಗೋಡೆ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಪ್ರತಿ ಜೋಡಿ ಸ್ವರಕ್ಕೂ ನೀವೇ ತೀರ್ಮಾನ ಮಾಡಬೇಕು. ಈ ಲೇಖನದಲ್ಲಿ ಇರುವುದು ಆ ತೀರ್ಮಾನ ಮಾಡುವ ಬಗೆ.

ಮೊದಲು ಕೆಲವು ಮಾತುಗಳ ಅರ್ಥ

ಸ್ಲರ್ ಅಂದರೆ ಎರಡು ಸ್ವರಗಳನ್ನು ಗಾಳಿ ಕಡಿಯದೆ ಜೋಡಿಸುವುದು. ಎರಡೂ ಸ್ವರ ಸ್ಪಷ್ಟವಾಗಿ ಕೇಳಬೇಕು. ನಡುವೆ ಬೇರೆ ನಾದ ಬರಬಾರದು. ಬರೆದ ಸಂಗೀತದಲ್ಲಿ ಇದಕ್ಕೆ ಸ್ವರಗಳ ಮೇಲೆ ಬಾಗಿದ ಗೆರೆ ಹಾಕುತ್ತಾರೆ. ಅದೇ ಗೆರೆ ಒಂದೇ ಎತ್ತರದ ಎರಡು ಸ್ವರಗಳ ನಡುವೆ ಇದ್ದರೆ ಅದು ಟೈ, ಅಂದರೆ ಒಂದೇ ಸ್ವರವನ್ನು ಉದ್ದ ಹಿಡಿಯಬೇಕು.

ಮೀಂಡ್ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಬೇಕಂತಲೇ ಜಾರುವುದು. ಪಾಶ್ಚಾತ್ಯರು ಗ್ಲಿಸಾಂಡೊ ಅನ್ನುತ್ತಾರೆ. ಆದರೆ ಮೀಂಡ್‌ಗೆ ಹೊರಡುವ ಊರೂ ಗೊತ್ತಿರಬೇಕು, ಮುಟ್ಟುವ ಊರೂ ಗೊತ್ತಿರಬೇಕು. ಸುಮ್ನೆ ಜಾರಿದರೆ ಮೀಂಡ್ ಆಗುವುದಿಲ್ಲ.

ಕಣ್ ಅಂದರೆ ಮುಖ್ಯ ಸ್ವರಕ್ಕೆ ಮುಂಚೆ ಸೋಕಿ ಹೋಗುವ ಪುಟ್ಟ ಸ್ವರ. ಮುರ್ಕಿ, ಖಟ್ಕಾ ಅಂದರೆ ಮೂರು ನಾಲ್ಕು ಸ್ವರಗಳ ಚುರುಕಾದ ಸುತ್ತು. ಆಂದೋಲನ ಅಂದರೆ ಒಂದು ಸ್ವರವನ್ನು ನಿಧಾನವಾಗಿ ತೂಗುವುದು.

ಜಾಗ ಅಂದಾಗ ನಾನು ಹೇಳುವುದು ಸ್ಲೈಡಿನ ಪೊಸಿಷನ್. ಒಟ್ಟು 7 ಇವೆ. ಸ್ಲೈಡ್ ಪೂರ್ತಿ ಮುಚ್ಚಿದಾಗ 1. ಒಂದೊಂದು ಜಾಗ ಹೊರಗೆ ಹೋದರೆ ಅರ್ಧ ಸ್ವರ ಇಳಿಯುತ್ತದೆ.

ಏನೇನು ಬೇಕು

ಸಾದಾ ಟೆನರ್ ಟ್ರಾಂಬೋನ್ ಸಾಕು. ಮೀರತ್‌ನಲ್ಲಿ ತಯಾರಾದದ್ದಾದರೂ ಸರಿ, ಹೊರದೇಶದ್ದಾದರೂ ಸರಿ. ಸ್ಲೈಡ್ ಮಾತ್ರ ಸಲೀಸಾಗಿ ಓಡಬೇಕು. ಜೊತೆಗೆ ಮೊಬೈಲ್‌ನಲ್ಲಿ ತಾನ್ಪುರ ಆ್ಯಪ್, ಒಂದು ಕನ್ನಡಿ, ನೀರು ತುಂಬಿದ ಸಣ್ಣ ಸ್ಪ್ರೇ ಬಾಟಲಿ, ಸ್ಲೈಡ್ ಕ್ರೀಮ್, ಮೆತ್ತಗಿನ ಹತ್ತಿ ಬಟ್ಟೆ.

ಈ ಲೇಖನದಲ್ಲಿ ಸಾ ಅಂದರೆ ಬಿ ಫ್ಲ್ಯಾಟ್. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು 5. ಟ್ರಾಂಬೋನ್ ಹುಟ್ಟಿರುವುದೇ ಆ ಶ್ರುತಿಯಲ್ಲಿ, ಹಾಗಾಗಿ ಕಲಿಯಲು ಇದೇ ಸುಲಭ. ತಾನ್ಪುರವನ್ನು ಕಪ್ಪು 5ಕ್ಕೆ ಇಟ್ಟುಕೊಳ್ಳಿ.

ಹಂತ 1: ಸ್ಲೈಡ್ ಪರೀಕ್ಷೆ ಮಾಡಿ

ವಾದ್ಯವನ್ನು ನೆಟ್ಟಗೆ ಹಿಡಿದು ಸ್ಲೈಡ್ ಕೆಳಗೆ ಮಾಡಿ. ಕೆಳಗೆ ಗಾದಿ ಇರಲಿ, ಇನ್ನೊಂದು ಕೈ ಹಿಡಿಯಲು ಸಿದ್ಧ ಇರಲಿ. ಲಾಕ್ ತೆಗೆದು ಹೊರ ಸ್ಲೈಡನ್ನು ಮೆಲ್ಲಗೆ ಬಿಡಿ. ಅದು ತನ್ನ ಭಾರಕ್ಕೆ ತಾನೇ ನೀರಿನಂತೆ ಇಳಿಯಬೇಕು. ನಡುವೆ ತಡೆದರೆ ಅಲ್ಲಿ ಕೊಳೆ ಇದೆ ಅಥವಾ ಕೊಳವೆ ಸ್ವಲ್ಪ ನಗ್ಗಿದೆ. ಕೊಳೆ ಆದರೆ ಒಳ ಸ್ಲೈಡನ್ನು ಬಟ್ಟೆಯಿಂದ ಒರೆಸಿ, ತುದಿಯ ದಪ್ಪ ಭಾಗಕ್ಕೆ ಚೂರು ಕ್ರೀಮ್ ಹಚ್ಚಿ, ಮೇಲೆ ನೀರು ಸಿಂಪಡಿಸಿ. ನಗ್ಗಿದ್ದರೆ ರಿಪೇರಿಯವರಿಗೆ ಕೊಡಿ. ಮನೆಯಲ್ಲಿ ಬಡಿಯಬೇಡಿ.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ನಮ್ಮ ಕಡೆ ಈ ರೂಢಿ ಜಾಸ್ತಿ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಡಿಸೆಂಬರ್ ಮುಂಜಾವಿನಲ್ಲಿ ಏನಾಗುತ್ತದೆ ಅಂತ ನೀವೇ ಯೋಚಿಸಿ. ಬೇಸಿಗೆಯಲ್ಲಿ ಅದೇ ಎಣ್ಣೆಗೆ ಹುಬ್ಬಳ್ಳಿಯ ಧೂಳು ಮೆತ್ತಿಕೊಂಡು ಅಂಟಾಗುತ್ತದೆ. ಸ್ಲೈಡ್ ತಡೆದರೆ ಮುಂದಿನ ಯಾವ ಹಂತವೂ ಬರುವುದಿಲ್ಲ. ಕೈ ಎಷ್ಟೇ ಚುರುಕಾಗಿದ್ದರೂ ಸರಿ.

ಹಂತ 2: ಮಹಡಿಗಳ ಲೆಕ್ಕ ತಲೆಗೆ ಹಾಕಿಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಇಲ್ಲಿ ಒಂದು ವಾರ ಕಳೆದರೂ ಪರವಾಗಿಲ್ಲ.

ಸ್ಲೈಡನ್ನು ಅಲ್ಲಾಡಿಸದೆ ಬರೀ ತುಟಿ ಬಿಗಿ ಮಾಡಿ ಊದಿದರೆ ಮೇಲಿನ ಮೇಲಿನ ಸ್ವರಗಳು ಬರುತ್ತವೆ, ಅಲ್ವಾ? ಪುಸ್ತಕದಲ್ಲಿ ಇವಕ್ಕೆ ಹಾರ್ಮೋನಿಕ್ ಅಥವಾ ಪಾರ್ಶಿಯಲ್ ಅನ್ನುತ್ತಾರೆ. ನಾನು ಮಹಡಿ ಅನ್ನುತ್ತೇನೆ. ಸ್ಲೈಡ್ ಮುಚ್ಚಿದಾಗ ಯಾವ ಸ್ವರ ಬರುತ್ತದೋ ಅದೇ ಆ ಮಹಡಿಯ ಹೆಸರು. ಕೆಳಗಿನಿಂದ ಮೇಲೆ ಹೀಗಿವೆ: ಮಂದ್ರ ಸಾ, ಮಂದ್ರ ಪ, ಸಾ, ಗ, ಪ, ಕೋಮಲ ನಿ, ತಾರ ಸಾ. ಅದರ ಮೇಲೆ ತಾರ ರೇ, ತಾರ ಗ. (ಮಂದ್ರ ಅಂದರೆ ಕೆಳಗಿನ ಸಪ್ತಕ, ತಾರ ಅಂದರೆ ಮೇಲಿನದು. ಕೋಮಲ ಅಂದರೆ ಅರ್ಧ ಸ್ವರ ಇಳಿದದ್ದು, ತೀವ್ರ ಅಂದರೆ ಅರ್ಧ ಸ್ವರ ಏರಿದದ್ದು.)

ಈಗ ಸ್ಲೈಡ್ ಹೊರಗೆ ಎಳೆದರೆ ಆ ಮಹಡಿಯಲ್ಲಿಯೇ ಸ್ವರ ಇಳಿಯುತ್ತಾ ಹೋಗುತ್ತದೆ. ಅಭ್ಯಾಸಕ್ಕೆ ಬೇಕಾದ ಪಟ್ಟಿ ಇದು. ಕೈಯಲ್ಲಿ ಬರೆದುಕೊಂಡು ಗೋಡೆಗೆ ಅಂಟಿಸಿ.

ಸಾ ಮಹಡಿ: 1 ಸಾ, 2 ಮಂದ್ರ ನಿ, 3 ಮಂದ್ರ ಕೋಮಲ ನಿ, 4 ಮಂದ್ರ ಧ, 5 ಮಂದ್ರ ಕೋಮಲ ಧ, 6 ಮಂದ್ರ ಪ.

ಗ ಮಹಡಿ: 1 ಗ, 2 ಕೋಮಲ ಗ, 3 ರೇ, 4 ಕೋಮಲ ರೇ, 5 ಸಾ, 6 ಮಂದ್ರ ನಿ.

ಪ ಮಹಡಿ: 1 ಪ, 2 ತೀವ್ರ ಮ, 3 ಮ, 4 ಗ, 5 ಕೋಮಲ ಗ, 6 ರೇ.

ಕೋಮಲ ನಿ ಮಹಡಿ: 2 ಧ, 3 ಕೋಮಲ ಧ, 4 ಪ. ಈ ಮಹಡಿ ಹುಟ್ಟಾ ಇಳಿಶ್ರುತಿಯದು. ಪ್ರತಿ ಜಾಗದಲ್ಲೂ ಸ್ಲೈಡನ್ನು ಮಾಮೂಲಿಗಿಂತ ಒಂದೆರಡು ಬೆರಳು ಒಳಗೆ ತರಬೇಕು. 1ರಲ್ಲಿ ಒಳಗೆ ತರಲು ಜಾಗವೇ ಇಲ್ಲ, ಆದ್ದರಿಂದ ಅಲ್ಲಿ ಈ ಮಹಡಿ ಬಳಸುವುದಿಲ್ಲ.

ತಾರ ಸಾ ಮಹಡಿ: 1 ತಾರ ಸಾ, 2 ನಿ, 3 ಕೋಮಲ ನಿ, 4 ಧ, 5 ಕೋಮಲ ಧ, 6 ಪ.

ಗಮನಿಸಿದಿರಾ? ಗ ಎರಡು ಕಡೆ ಸಿಗುತ್ತದೆ, ಗ ಮಹಡಿಯ 1ರಲ್ಲಿ ಮತ್ತು ಪ ಮಹಡಿಯ 4ರಲ್ಲಿ. ರೇ ಎರಡು ಕಡೆ. ಧ ಎರಡು ಕಡೆ. ಪ ಮೂರು ಕಡೆ. ಬಹಳ ಜನ ಒಂದೇ ಜಾಗ ಕಲಿತು ಅಲ್ಲಿಗೇ ನಿಲ್ಲುತ್ತಾರೆ. ಸಾದಾ ಹಾಡಿಗೆ ಅದು ಸಾಕು. ಆದರೆ ಮೀಂಡ್, ಮುರ್ಕಿ ಎಲ್ಲಾ ಬದುಕುವುದು ಈ ಎರಡನೇ ಜಾಗಗಳಲ್ಲಿ.

ಇನ್ನೊಂದು ಎಚ್ಚರಿಕೆ. ಜಾಗಗಳ ನಡುವಿನ ಅಂತರ ಸಮ ಅಲ್ಲ. 1ರಿಂದ 2ಕ್ಕೆ ಸುಮಾರು 8 ಸೆಂ.ಮೀ. ಇದ್ದರೆ 6ರಿಂದ 7ಕ್ಕೆ ಸುಮಾರು 11 ಸೆಂ.ಮೀ. 3 ಬೆಲ್‌ನ (ವಾದ್ಯದ ಅಗಲವಾದ ಬಾಯಿಯ) ಅಂಚಿಗೆ ಸ್ವಲ್ಪ ಒಳಗೆ, 4 ಸ್ವಲ್ಪ ಹೊರಗೆ ಅಂತ ಮೊದಲು ಕಣ್ಣಿಂದ ಗುರುತಿಟ್ಟುಕೊಳ್ಳಿ. ಆಮೇಲೆ ಕಿವಿ ಹೇಳಿದ್ದನ್ನೇ ಕೇಳಿ.

ಶ್ರುತಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗ ಮಹಡಿಯ 1ರಲ್ಲಿ ಬರುವ ಗ ಹಾರ್ಮೋನಿಯಂ ಗ-ಗಿಂತ ಸ್ವಲ್ಪ ಕೆಳಗಿರುತ್ತದೆ. ವಾದ್ಯ ಕೆಟ್ಟಿದೆ ಅಂದುಕೊಳ್ಳಬೇಡಿ. ತಾನ್ಪುರದ ತಂತಿಯೊಳಗೆ ತಾನಾಗಿ ಮಿಡಿಯುವ ಗ ಅದೇ. ತಾನ್ಪುರದ ಜೊತೆ ಅದು ಹಾಲಿಗೆ ಸಕ್ಕರೆ ಬೆರೆತಂತೆ ಕೂಡುತ್ತದೆ. ಹಾರ್ಮೋನಿಯಂ ಅಥವಾ ಕೀಬೋರ್ಡ್ ಜೊತೆ ಊದುವಾಗ ಮಾತ್ರ ತಿಕ್ಕಾಟ ಬರುತ್ತದೆ. ಆಗ ಪ ಮಹಡಿಯ 4ರಲ್ಲಿ ಗ ತೆಗೆದುಕೊಳ್ಳಿ. ಅಲ್ಲಿ ಸ್ಲೈಡನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡಿ ಕೂಡಿಸಬಹುದು.

ಹಂತ 3: ಬರೀ ತುಟಿಯಿಂದ ಜೋಡಿಸಿ

ಸ್ಲೈಡ್ ಮುಚ್ಚಿಡಿ. ಮಂದ್ರ ಪ ಊದಿ, ಗಾಳಿ ನಿಲ್ಲಿಸದೆ ಸಾ ಗೆ ಹೋಗಿ, ಮತ್ತೆ ಮಂದ್ರ ಪ ಗೆ ಬನ್ನಿ. ನಾಲಿಗೆ ಮೊದಲ ಸ್ವರಕ್ಕೆ ಮಾತ್ರ. ಇದನ್ನು ಲಿಪ್ ಸ್ಲರ್ ಅನ್ನುತ್ತಾರೆ.

ಬಾಯೊಳಗೆ ನಾಲಿಗೆಯ ಬೆನ್ನು ಏನು ಮಾಡಬೇಕು ಅನ್ನುವುದಕ್ಕೆ ಸುಲಭ ದಾರಿ ಇದೆ. ಕೆಳಗಿನ ಸ್ವರಕ್ಕೆ "ಆ" ಅನ್ನುವ ಹಾಗೆ ಬಾಯಿ ಇಟ್ಟುಕೊಳ್ಳಿ, ಮೇಲಿನದಕ್ಕೆ "ಈ" ಅನ್ನುವ ಹಾಗೆ. ಆ-ಈ-ಆ. ವಾದ್ಯ ಇಲ್ಲದೆ ಗಾಳಿಯಲ್ಲಿಯೇ ಹೇಳಿ ನೋಡಿ, ಗಾಳಿಯ ಸದ್ದು ತಾನಾಗಿ ಮೇಲೆ ಕೆಳಗೆ ಆಗುತ್ತದೆ.

ಇದೇ ಅಭ್ಯಾಸವನ್ನು 2, 3, 4, ಹೀಗೆ 7ರ ತನಕ ಇಳಿಸುತ್ತಾ ಹೋಗಿ. ನಂತರ ಸಾ ಮತ್ತು ಗ, ಆಮೇಲೆ ಗ ಮತ್ತು ಪ. ಮೇಲೆ ಹೋದಷ್ಟೂ ಮಹಡಿಗಳು ಹತ್ತಿರ ಹತ್ತಿರ ಬರುತ್ತವೆ, ಆದರೆ ತುಟಿಗೆ ಕೆಲಸ ಜಾಸ್ತಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದು: ಮೇಲಿನ ಸ್ವರ ಬರಲಿಲ್ಲ ಅಂತ ಮೌತ್‌ಪೀಸನ್ನು ತುಟಿಗೆ ಒತ್ತುವುದು. ಒತ್ತಿದರೆ ಇವತ್ತು ಬರುತ್ತದೆ, ಹತ್ತು ನಿಮಿಷಕ್ಕೆ ತುಟಿ ಮರಗಟ್ಟುತ್ತದೆ. ಕನ್ನಡಿ ಮುಂದೆ ಊದಿ. ಮೇಲೆ ಹೋಗುವಾಗ ಎಡಗೈ ವಾದ್ಯವನ್ನು ಮುಖದತ್ತ ಎಳೆಯುತ್ತಿದೆಯಾ ನೋಡಿ. ಎಳೆಯುತ್ತಿದ್ದರೆ ನಿಲ್ಲಿಸಿ, ಒಂದು ಮಹಡಿ ಕೆಳಗೆ ಬಂದು ಮತ್ತೆ ಶುರು ಮಾಡಿ. ತುಟಿಯಲ್ಲಿ ನೋವು ಕಂಡರೆ ಆ ದಿನಕ್ಕೆ ಸಾಕು.

ಹಂತ 4: ಮೆತ್ತನೆಯ ನಾಲಿಗೆ

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಈ ಹಂತದಲ್ಲಿದೆ.

ಒಂದೇ ಮಹಡಿಯಲ್ಲಿ ಎರಡು ಸ್ವರ ಜೋಡಿಸಬೇಕಾದಾಗ, ಉದಾಹರಣೆಗೆ ರೇ (ಗ ಮಹಡಿ 3) ಯಿಂದ ಗ (ಗ ಮಹಡಿ 1), ನಾಲಿಗೆ ಪೂರ್ತಿ ಬಿಟ್ಟರೆ ಜಾರುತ್ತದೆ. ಅದನ್ನು ತಡೆಯಲು ಯಾವ ತುಟಿಯ ಕಸರತ್ತೂ ಇಲ್ಲ. ಅಲ್ಲಿ ನಾಲಿಗೆ ಬೇಕೇ ಬೇಕು. ಆದರೆ ತಟ್ಟುವ ನಾಲಿಗೆ ಅಲ್ಲ, ಸವರುವ ನಾಲಿಗೆ. ಬ್ಯಾಂಡಿನಲ್ಲಿ ಮೆರವಣಿಗೆಯ ಹಾಡಿಗೆ "ತು ತು ತು" ಅಂತ ಊದುತ್ತೀರಲ್ಲ, ಅದರ ಬದಲು "ದು ದು ದು" ಅನ್ನಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಬುಡಕ್ಕೆ ಸೋಕಿ ತಕ್ಷಣ ಕೆಳಗೆ ಬರಬೇಕು. ಗಾಳಿ ನಿಲ್ಲಬಾರದು.

ಇನ್ನೂ ಹಗುರ ಬೇಕಾದಾಗ "ರು" ಅನ್ನಿ, "ಮರು" ಅನ್ನುವಾಗ ಬರುವ ಒಂದೇ ಪೆಟ್ಟಿನ ರು. ಈ ವಿಷಯದಲ್ಲಿ ಕನ್ನಡ ಮಾತಾಡುವ ನಾಲಿಗೆಗೆ ಒಳ್ಳೆಯ ಅನುಕೂಲ ಇದೆ. ತ, ದ, ಡ, ಲ, ರ ಒಂದೊಂದನ್ನೂ ಬೇರೆ ಬೇರೆ ಥರ ನುಡಿಯಬೇಕು ಅಂತ ನಮಗೆ ಹುಟ್ಟಿದಾಗಿನಿಂದ ಗೊತ್ತು. "ಡು" ಮಾತ್ರ ಬೇಡ. ಅದರಲ್ಲಿ ನಾಲಿಗೆ ಹಿಂದಕ್ಕೆ ಮಡಚಿಕೊಂಡು ಗಂಟಲು ಬಿಗಿಯುತ್ತದೆ, ನಾದ ಮುದುಡುತ್ತದೆ.

ಈಗ ಕೈ. ಮೊದಲ ಸ್ವರವನ್ನು ಅದರ ಪೂರ್ತಿ ಕಾಲ ಹಿಡಿದು ನಿಲ್ಲಿ. ಸ್ಲೈಡ್ ಅಲ್ಲಾಡಬಾರದು. ಕೊನೆಯ ಕ್ಷಣದಲ್ಲಿ, "ದು" ಅನ್ನುವ ಹೊತ್ತಿಗೇ ಸರಿಯಾಗಿ, ಸ್ಲೈಡ್ ಝಟ್ಟನೆ ಹೋಗಿ ನಿಲ್ಲಬೇಕು. ಕೈ ಮತ್ತು ನಾಲಿಗೆ ಒಟ್ಟಿಗೆ. ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಸ್ಲೈಡನ್ನು ಹಗುರಾಗಿ ಹಿಡಿಯಿರಿ. ಮುಷ್ಟಿ ಕಟ್ಟಿ ಹಿಡಿದರೆ ಭುಜದಿಂದ ಎಳೆಯುತ್ತೀರಿ, ಪ್ರತಿ ಸಲ ಬಾಯಿಗೆ ಕುಲುಕಾಟ ತಗಲುತ್ತದೆ.

ಬರುವ ತೊಂದರೆಗಳು ಎರಡು. ಒಂದು, ನಿಧಾನ ಹಾಡಿನಲ್ಲಿ ಕೈಯೂ ನಿಧಾನ ಆಗಿಬಿಡುತ್ತದೆ. ಹಾಡು ಎಷ್ಟೇ ವಿಲಂಬಿತ ಇರಲಿ, ಜೋಡಣೆಯಲ್ಲಿ ಸ್ಲೈಡ್ ಯಾವಾಗಲೂ ಚುರುಕು. ಎರಡು, ಸ್ಲೈಡ್ ಅಲ್ಲಾಡುವಾಗ ಗಾಳಿಯೂ ಹೆದರಿ ಕಡಿಮೆಯಾಗುತ್ತದೆ. ಆಗ ಪ್ರತಿ ಸ್ವರ ನಡುವಿನಲ್ಲಿ ಉಬ್ಬಿ "ಹುವಾ ಹುವಾ" ಅಂತ ಕೇಳುತ್ತದೆ. ಇದನ್ನು ಸರಿ ಮಾಡಲು ಸ್ಲೈಡನ್ನು ಒಂದು ಕಡೆ ಇಟ್ಟು ಒಂದೇ ಸ್ವರದ ಮೇಲೆ "ದು ದು ದು ದು" ಅಂತ ಎಂಟು ಮಾತ್ರೆ ಊದಿ. ಉಬ್ಬು ತಗ್ಗು ಇಲ್ಲದೆ ಕೇಳಿಸಿದ ಮೇಲೆಯೇ ಕೈ ಸೇರಿಸಿ.

ಹಂತ 5: ಯಾವ ಜೋಡಿಗೆ ನಾಲಿಗೆ, ಯಾವುದಕ್ಕೆ ಬೇಡ

ನಿಯಮ ಚಿಕ್ಕದು. ಮಹಡಿ ಬದಲಾದರೆ ನಾಲಿಗೆ ಬೇಡ, ವಾದ್ಯವೇ ಗೋಡೆ ಹಾಕಿಕೊಳ್ಳುತ್ತದೆ. ಅದರಲ್ಲೂ ಸ್ವರ ಮೇಲೆ ಹೋಗುವಾಗ ಸ್ಲೈಡ್ ಹೊರಗೆ ಹೋದರೆ, ಅಥವಾ ಸ್ವರ ಇಳಿಯುವಾಗ ಸ್ಲೈಡ್ ಒಳಗೆ ಬಂದರೆ, ಜೋಡಣೆ ತುಂಬಾ ಶುಭ್ರ. ಮಹಡಿ ಅದೇ ಇದ್ದರೆ "ದು" ಬೇಕು.

ಶುದ್ಧ ಸ್ವರಗಳ ಆರೋಹಣದಲ್ಲಿ ನೋಡೋಣ.

ಸಾ ಯಿಂದ ರೇ: 1ರಿಂದ 3, ಸಾ ಮಹಡಿಯಿಂದ ಗ ಮಹಡಿ. ನಾಲಿಗೆ ಬೇಡ.
ರೇ ಯಿಂದ ಗ: 3ರಿಂದ 1, ಅದೇ ಮಹಡಿ. ದು.
ಗ ದಿಂದ ಮ: 1ರಿಂದ 3, ಮೇಲಿನ ಮಹಡಿ. ನಾಲಿಗೆ ಬೇಡ.
ಮ ದಿಂದ ಪ: 3ರಿಂದ 1, ಅದೇ ಮಹಡಿ. ದು.
ಪ ದಿಂದ ಧ: 1ರಿಂದ 4, ತಾರ ಸಾ ಮಹಡಿಗೆ. ನಾಲಿಗೆ ಬೇಡ.
ಧ ದಿಂದ ನಿ, ನಿ ಯಿಂದ ತಾರ ಸಾ: 4, 2, 1, ಅದೇ ಮಹಡಿ. ಎರಡಕ್ಕೂ ದು.

ಮೂರು ಕಡೆ ನಾಲಿಗೆ ಇಲ್ಲ, ನಾಲ್ಕು ಕಡೆ ಇದೆ. ಕೇಳುವವರಿಗೆ ಈ ವ್ಯತ್ಯಾಸ ತಿಳಿಯಬಾರದು. ಏಳೂ ಜೋಡಣೆ ಒಂದೇ ಥರ ಕೇಳಿಸುವ ತನಕ ಮುಂದೆ ಹೋಗಬೇಡಿ. ಕೆಲವು ಗುರುಗಳು ಎಲ್ಲಾ ಜೋಡಣೆಗೂ "ದು" ಹಾಕಿಸುತ್ತಾರೆ, ಒಂದೇ ಸಮ ಇರಲಿ ಅಂತ. ಅದೂ ಸರಿಯಾದ ದಾರಿಯೇ. ನಾನು ಮಾತ್ರ ವಾದ್ಯ ಕೊಡುವ ಗೋಡೆಯನ್ನು ಬಳಸಿಕೊಳ್ಳಿ ಅನ್ನುತ್ತೇನೆ. ಅದರಲ್ಲಿ ಹಾಡುವ ದನಿಯ ಹತ್ತಿರದ ಗುಣ ಇದೆ.

ಹಂತ 6: ಈಗ ಮೀಂಡ್

ಗೋಡೆ ಹಾಕಲು ಬಂದವರು ಮಾತ್ರ ಅದನ್ನು ತೆಗೆಯಬೇಕು. ಹಂತ 4, 5 ಬಿಟ್ಟು ನೇರ ಇಲ್ಲಿಗೆ ಬಂದಿದ್ದರೆ ದಯವಿಟ್ಟು ವಾಪಸ್ ಹೋಗಿ.

ಮೀಂಡ್ ಒಂದೇ ಮಹಡಿಯಲ್ಲಿ ಆಗಬೇಕು. ಮಹಡಿ ದಾಟಿದರೆ ಕಡಿಯುತ್ತದೆ. ಒಂದು ಮಹಡಿಯಲ್ಲಿ 7 ಜಾಗ, ಅಂದರೆ ಆರು ಅರ್ಧ ಸ್ವರದಷ್ಟು ದೂರ ಮಾತ್ರ ಜಾರಬಹುದು. ಅದಕ್ಕಿಂತ ದೊಡ್ಡ ಮೀಂಡ್ ಈ ವಾದ್ಯದಲ್ಲಿ ಇಲ್ಲ. ಅದಕ್ಕೇ ಎರಡನೇ ಜಾಗಗಳು ಬೇಕು ಅಂದದ್ದು.

ಮಂದ್ರ ಪ ದಿಂದ ಸಾ ಗೆ ಮೀಂಡ್ ಬೇಕು ಅಂದುಕೊಳ್ಳಿ. ಮಂದ್ರ ಪ ವನ್ನು ಅಭ್ಯಾಸದಂತೆ 1ರಲ್ಲಿ ತೆಗೆದರೆ ಸಾಧ್ಯವೇ ಇಲ್ಲ. ಸಾ ಮಹಡಿಯ 6ರಲ್ಲಿ ತೆಗೆದುಕೊಂಡು 1ಕ್ಕೆ ಬನ್ನಿ. ಪ ದಿಂದ ತಾರ ಸಾ ಗೂ ಇದೇ ಲೆಕ್ಕ, ತಾರ ಸಾ ಮಹಡಿಯ 6ರಿಂದ 1. ರೇ ಯಿಂದ ಪ ಗೆ ಪ ಮಹಡಿಯ 6ರಿಂದ 1. ಪ ದಿಂದ ಗ ಗೆ ಇಳಿಯಲು ಪ ಮಹಡಿಯ 1ರಿಂದ 4. ತಾರ ಸಾ ದಿಂದ ಧ ಗೆ ತಾರ ಸಾ ಮಹಡಿಯ 1ರಿಂದ 4. ಕೊನೆಯ ಎರಡು ಭೂಪ ರಾಗದ ಜೀವಾಳ. ಆದ್ದರಿಂದ ಮೀಂಡ್ ಕಲಿಯಲು ನಾನು ಭೂಪವನ್ನೇ ಹೇಳುತ್ತೇನೆ. ಅದರಲ್ಲಿ ಗ ದಿಂದ ಪ ಗೆ ಹೋಗಲು ಸ್ಲೈಡೇ ಬೇಕಿಲ್ಲ, ಎರಡೂ 1ರಲ್ಲಿವೆ, ಬರೀ ತುಟಿ. ಪ ದಿಂದ ಗ ಗೆ ಬರುವಾಗ ಮೀಂಡ್. ಒಂದೇ ರಾಗದಲ್ಲಿ ತುಟಿಯ ಜೋಡಣೆ, ನಾಲಿಗೆಯ ಜೋಡಣೆ (ರೇ ಯಿಂದ ಗ), ಮೀಂಡ್ ಮೂರೂ ಸಿಗುತ್ತವೆ.

ಕೈಯ ಕ್ರಮ ಇಲ್ಲಿ ಪೂರ್ತಿ ಉಲ್ಟಾ. ಜೋಡಣೆಯಲ್ಲಿ ಸ್ಲೈಡ್ ಝಟ್ಟನೆ ಹೋಗಬೇಕಿತ್ತು. ಮೀಂಡ್‌ನಲ್ಲಿ ಮೊದಲ ಸ್ವರ ನಿಲ್ಲಿಸಿ, ಮೆಲ್ಲಗೆ ಹೊರಟು, ಮುಟ್ಟುವ ಸ್ವರದ ಹತ್ತಿರ ಬಂದಾಗ ಇನ್ನೂ ಮೆಲ್ಲಗಾಗಿ ಅದರೊಳಗೆ ಇಳಿಯಬೇಕು. ಗಾಳಿಯನ್ನು ಹೊರಡುವಾಗ ಸ್ವಲ್ಪ ತಗ್ಗಿಸಿ. ಜೋರಾಗಿ ಊದುತ್ತಾ ಸ್ಲೈಡ್ ಎಳೆದರೆ ಸರ್ಕಸ್ಸಿನ ಸದ್ದು ಬರುತ್ತದೆ, ಅದು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ.

ಮುಟ್ಟುವ ಸ್ವರದಲ್ಲಿ ಸರಿಯಾಗಿ ನಿಲ್ಲುವುದೇ ಕಷ್ಟ. ಹೆಚ್ಚಿನವರು ದಾಟಿ ಹೋಗಿ ವಾಪಸ್ ಬರುತ್ತಾರೆ. ಮೊದಲು ಮುಟ್ಟುವ ಸ್ವರವನ್ನು ತಾನ್ಪುರದ ಜೊತೆ ನಾಲ್ಕು ಸಲ ಊದಿ ಕಿವಿಯಲ್ಲಿ ಕೂರಿಸಿಕೊಳ್ಳಿ. ಆಮೇಲೆ ಬಾಯಲ್ಲಿ ಹಾಡಿ. ಆಮೇಲೆ ಸ್ಲೈಡ್. ಹಾಡಲು ಬಾರದ ಮೀಂಡ್ ಊದಲೂ ಬರುವುದಿಲ್ಲ.

ಕೇಳಲು ನಮಗೆ ದೂರ ಹೋಗಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರ (1886–1952) ಶಿಷ್ಯರಾದ ಗಂಗೂಬಾಯಿ ಹಾನಗಲ್ (1913–2009) ಮತ್ತು ಭೀಮಸೇನ ಜೋಶಿ (1922–2011) ಇಬ್ಬರೂ ನಮ್ಮ ಸೀಮೆಯವರೇ. ಇವರ ಗಾಯನ ಪರಂಪರೆಯಾದ ಕಿರಾನಾ ಘರಾನೆಯ ಹಾಡಿಕೆಯಲ್ಲಿ ಒಂದೊಂದೇ ಸ್ವರವನ್ನು ಬಿಡಿಸುತ್ತಾ ಹೋಗುತ್ತಾರೆ, ಹಾಗಾಗಿ ಮೀಂಡ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಸ್ಪಷ್ಟವಾಗಿ ಕೇಳುತ್ತದೆ. ಗಂಗೂಬಾಯಿಯವರ ಆ ತುಂಬಿದ, ಗಂಭೀರ ದನಿಯನ್ನು ಟ್ರಾಂಬೋನ್ ನುಡಿಸುವವರು ವಿಶೇಷವಾಗಿ ಕೇಳಬೇಕು. ನಮ್ಮ ವಾದ್ಯದ ನಾದ ಹೇಗೆ ನಿಲ್ಲಬೇಕು ಅನ್ನುವುದು ಆ ದನಿಯಲ್ಲಿದೆ. ವಿಲಂಬಿತದ ಮೊದಲ ಐದು ನಿಮಿಷ ಹಾಕಿಕೊಂಡು, ಸ್ಲೈಡ್ ಮಾತ್ರ ಕೈಯಲ್ಲಿ ಹಿಡಿದು, ಊದದೆ, ಅವರ ಮೀಂಡ್ ಜೊತೆ ಕೈ ಅಲ್ಲಾಡಿಸಿ ನೋಡಿ. ಕೈಗೆ ಬಹಳ ಪಾಠ ಆಗುತ್ತದೆ.

ಹಂತ 7: ಕಣ್

ಕಣ್ ಎರಡು ಬಗೆಯಲ್ಲಿ ಬರುತ್ತದೆ. ಸ್ಲೈಡಿನಿಂದ: ಯಮನ್ ರಾಗದಲ್ಲಿ ಪ ಗೆ ತೀವ್ರ ಮ ಕಣ್ ಬೇಕಾದರೆ ಪ ಮಹಡಿಯ 2ರಲ್ಲಿ ಶುರು ಮಾಡಿ ತಕ್ಷಣ 1ಕ್ಕೆ ಬಂದುಬಿಡಿ. ಒಂದೇ ಜಾಗದ ದೂರ, ಮಣಿಕಟ್ಟು ಸಾಕು. ತುಟಿಯಿಂದ: ಭೂಪದಲ್ಲಿ ಗ ಗೆ ಪ ಕಣ್ ಬೇಕಾದರೆ ಸ್ಲೈಡ್ ಮುಚ್ಚಿಯೇ "ಈ-ಆ" ಅಂದರೆ ಆಯಿತು.

ಕಣ್ ಸ್ವರಕ್ಕೆ ನಾಲಿಗೆ ಹಾಕಬೇಕೋ ಮುಖ್ಯ ಸ್ವರಕ್ಕೋ? ಕಣ್‌ಗೆ ಮೆತ್ತಗೆ ದು, ಮುಖ್ಯ ಸ್ವರಕ್ಕೆ ಏನೂ ಬೇಡ. ಭಾರ ಮಾತ್ರ ಮುಖ್ಯ ಸ್ವರದ ಮೇಲೆ ಇರಲಿ. ಕಣ್ ಜೋರಾದರೆ ಅದು ಬೇರೆ ಸ್ವರವಾಗಿ ನಿಂತು ತಾಳ ಕೆಡಿಸುತ್ತದೆ.

ಹಂತ 8: ಮುರ್ಕಿ, ಖಟ್ಕಾ

ರೇ ಸಾ ನಿ ಸಾ ದಿಂದ ಶುರು ಮಾಡಿ. ಜಾಗಗಳು 3, 1, 2, 1. ರೇ ಯಿಂದ ಸಾ ಗೆ ಮಹಡಿ ಇಳಿಯುತ್ತದೆ, ಸ್ಲೈಡ್ ಒಳಗೆ ಬರುತ್ತದೆ, ತಾನಾಗಿ ಶುಭ್ರ. ನಂತರದ ಸಾ ನಿ ಸಾ ಒಂದೇ ಮಹಡಿ, ಹಗುರವಾದ "ರು" ಎರಡು ಸಲ. ಇದು ನಮ್ಮ ವಾದ್ಯಕ್ಕೆ ಅತಿ ಸುಲಭದ ಮುರ್ಕಿ.

ಪ ಮ ಗ ಮ ಗೆ ಎರಡು ದಾರಿ ಇವೆ. 1, 3, 1, 3 ತೆಗೆದರೆ ಗ ಕ್ಕೆ ಮಹಡಿ ಬದಲಾಗುತ್ತದೆ, ನಿಧಾನ ಗತಿಯಲ್ಲಿ ಒಂದೊಂದು ಸ್ವರವೂ ಮುತ್ತು ಪೋಣಿಸಿದಂತೆ ಬರುತ್ತದೆ. ವೇಗದಲ್ಲಿ ಕೈಗೆ ಆ ಓಡಾಟ ಜಾಸ್ತಿ. ಆಗ 1, 3, 4, 3 ತೆಗೆದುಕೊಳ್ಳಿ, ಎಲ್ಲಾ ಪ ಮಹಡಿಯಲ್ಲೇ. ಸ್ವಲ್ಪ ಜಾರುತ್ತದೆ, ಜಾರಲಿ ಬಿಡಿ. ಗಾಯಕರ ಮುರ್ಕಿಯಲ್ಲೂ ಆ ಉರುಳು ಇದ್ದೇ ಇರುತ್ತದೆ.

ಮೊದಲು ಮಾತ್ರೆಗೊಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ದುಗುನ್, ಚೌಗುನ್ ಮಾಡುವಾಗ ಗಾಳಿ ಮಾತ್ರ ಮೊದಲಿನಷ್ಟೇ ಇರಬೇಕು.

ಹಂತ 9: ಆಂದೋಲನ

ದರ್ಬಾರಿ ರಾಗದ ಕೋಮಲ ಗ ವನ್ನು ಸಾಮಾನ್ಯವಾಗಿ ಗ ಮಹಡಿಯ 2ರಲ್ಲಿ ಊದುತ್ತೇವೆ. ಆಂದೋಲನಕ್ಕೆ ಪ ಮಹಡಿಯ 5ಕ್ಕೆ ಹೋಗಿ. ಅಲ್ಲಿ ಮ 3ರಲ್ಲಿ, ಕೋಮಲ ಗ 5ರಲ್ಲಿ, ರೇ 6ರಲ್ಲಿ, ಮೂರೂ ಒಂದೇ ದಾರಿಯಲ್ಲಿವೆ. ಮ ದಿಂದ ಜಾರಿ ಬಂದು, 5ರ ಸುತ್ತ ಮೆಲ್ಲಗೆ ತೂಗಿ, ರೇ ಗೆ ಇಳಿಯಬಹುದು. ತೂಗಾಟ ತೊಟ್ಟಿಲಿನಂತೆ ಇರಲಿ. ಅವಸರ ಮಾಡಿದರೆ ನಡುಕ ಆಗುತ್ತದೆ.

ನಡುಕದ ಮಾತು ಬಂತು. ಉದ್ದ ಸ್ವರ ಹಿಡಿದಾಗಲೆಲ್ಲಾ ಸ್ಲೈಡ್ ಅಲ್ಲಾಡಿಸುವ ಅಭ್ಯಾಸ ಬಹಳ ಜನರಿಗೆ ಅಂಟಿರುತ್ತದೆ. ದಯವಿಟ್ಟು ಬಿಡಿ. ಸಾ ಮತ್ತು ಪ ನೆಟ್ಟಗೆ ನಿಲ್ಲಬೇಕು. ಅವು ಅಲ್ಲಾಡಿದರೆ ನೀವು ಕಷ್ಟಪಟ್ಟು ಕಲಿತ ಆಂದೋಲನಕ್ಕೆ ಬೆಲೆ ಇರುವುದಿಲ್ಲ.

ಪಾಶ್ಚಾತ್ಯ ಮಾರ್ಚ್‌ಗಳಲ್ಲಿ ಬರುವ ಟ್ರಿಲ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಎರಡು ಸ್ವರಗಳ ನಡುವೆ ವೇಗವಾಗಿ ಹೋಗಿಬರುವುದು ಟ್ರಿಲ್. ಟ್ರಾಂಬೋನ್‌ನಲ್ಲಿ ಇದನ್ನು ತುಟಿಯಿಂದಲೇ ಮಾಡುತ್ತಾರೆ, ಮಹಡಿಗಳ ನಡುವೆ ಒಂದೇ ಪೂರ್ಣ ಸ್ವರದ ಅಂತರ ಇರುವ ಕಡೆ. ತಾರ ಸಾ ಮತ್ತು ತಾರ ರೇ ಎರಡೂ 1ರಲ್ಲಿ ಸಿಗುತ್ತವೆ, ಅಲ್ಲಿಂದ ಶುರು ಮಾಡಬಹುದು. ಅದಕ್ಕೆ ತಿಂಗಳುಗಟ್ಟಲೆ ಲಿಪ್ ಸ್ಲರ್ ಅಭ್ಯಾಸ ಬೇಕು. ಹಂತ 3 ಗಟ್ಟಿಯಾಗದೆ ಕೈ ಹಾಕಬೇಡಿ.

ಹಂತ 10: ಬ್ಯಾಂಡಿನೊಳಗೆ ಬಳಸುವಾಗ

ಮನೆಯಲ್ಲಿ ಬಂದದ್ದೆಲ್ಲಾ ಬೀದಿಯಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಡೆಯುತ್ತಾ ಊದುವಾಗ ಹೆಜ್ಜೆ ಇಟ್ಟಾಗಲೆಲ್ಲಾ ಮೌತ್‌ಪೀಸ್ ತುಟಿಗೆ ತಗಲುತ್ತದೆ, ತುಟಿಯಿಂದ ಮಾಡುವ ಕಣ್, ಟ್ರಿಲ್ ಹರಿದುಹೋಗುತ್ತವೆ. 6ನೇ ಜಾಗದ ಮೀಂಡ್ ಎಳೆದರೆ ಮುಂದಿನವರ ಬೆನ್ನಿಗೆ ಸ್ಲೈಡ್ ತಾಗುತ್ತದೆ. ಬ್ಯಾಂಡ್‌ಗಳಲ್ಲಿ ಟ್ರಾಂಬೋನ್‌ನವರನ್ನು ಮುಂದಿನ ಸಾಲಿಗೆ ಹಾಕುವುದು ಇದೇ ಕಾರಣಕ್ಕೆ. ನಿಮ್ಮನ್ನು ಹಿಂದೆ ನಿಲ್ಲಿಸಿದ್ದರೆ ಮಾಸ್ತರರಿಗೆ ಹೇಳಿ ಜಾಗ ಬದಲಿಸಿಕೊಳ್ಳಿ.

ಕ್ಲಾರ್ನೆಟ್‌ನವರು ಹಾಡಿನ ಮುಖ್ಯ ಸಾಲು ಊದುತ್ತಿದ್ದರೆ ಅವರ ಮುರ್ಕಿಯ ಮೇಲೆ ನಿಮ್ಮ ಮುರ್ಕಿ ಹಾಕಬೇಡಿ. ಎರಡೂ ಕೆಡುತ್ತವೆ. ಮೊದಲೇ ಮಾತಾಡಿಕೊಳ್ಳಿ: ಈ ಸಾಲಿನಲ್ಲಿ ಅಣ್ಣಾ ನೀವು, ಮುಂದಿನ ಸಾಲಿನಲ್ಲಿ ನಾನು. ಎರಡು ಟ್ರಾಂಬೋನ್ ಇದ್ದರೆ ಮೀಂಡ್ ಒಬ್ಬರೇ ಮಾಡಿ, ಇನ್ನೊಬ್ಬರು ಮುಟ್ಟುವ ಸ್ವರವನ್ನು ಮೆತ್ತಗೆ ಹಿಡಿದು ನಿಲ್ಲಲಿ. ಇಬ್ಬರು ಒಟ್ಟಿಗೆ ಜಾರಿದರೆ ಇಬ್ಬರ ಕೈವೇಗ ಒಂದೇ ಆಗುವುದು ಬಹಳ ಅಪರೂಪ.

ದಿನದ ಅಭ್ಯಾಸ ನಲವತ್ತು ನಿಮಿಷ ಇದ್ದರೆ ಹದಿನೈದು ನಿಮಿಷ ಲಿಪ್ ಸ್ಲರ್, ಹದಿನೈದು ನಿಮಿಷ ದು-ಜೋಡಣೆ, ಉಳಿದದ್ದು ಮೀಂಡ್, ಕಣ್, ಮುರ್ಕಿ, ಆಂದೋಲನ ಇವುಗಳಲ್ಲಿ ಒಂದೇ ಒಂದು. ನಡುನಡುವೆ ತುಟಿಗೆ ಬಿಡುವು ಕೊಡಿ. ವಾರಕ್ಕೊಮ್ಮೆ ಮೊಬೈಲ್‌ನಲ್ಲಿ ಅದೇ ನಾಲ್ಕು ಸಾಲು ರೆಕಾರ್ಡ್ ಮಾಡಿ. ಫೋನನ್ನು ಬೆಲ್ ಎದುರಿಗೆ ಇಡಬೇಡಿ, ಒಂದೆರಡು ಮೀಟರ್ ಪಕ್ಕಕ್ಕೆ ಇಡಿ. ಕೇಳುವಾಗ ಒಂದು ಹಾಳೆ ತೆಗೆದುಕೊಂಡು, ಬೇಕಂತ ಜಾರಿಸಿದ ಕಡೆ ಒಂದು ಗುರುತು, ಬೇಡದೆ ಜಾರಿದ ಕಡೆ ಇನ್ನೊಂದು ಗುರುತು ಹಾಕಿ. ಎರಡನೇ ಗುರುತು ಯಾವ ಸ್ವರಗಳ ನಡುವೆ ಜಾಸ್ತಿ ಬಿದ್ದಿದೆಯೋ, ಮರುದಿನದ ಅಭ್ಯಾಸ ಆ ಜೋಡಿಯಿಂದಲೇ ಶುರುವಾಗಲಿ.